ಅಗ್ಗದ ಮಾನಿಟರು: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಮಾನಿಟರನ್ನು ಕೊಳ್ಳಲು ಹೊರಟವನು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ “ಎಷ್ಟು ಇಂಚು?” ಎಂಬುದು, ಎರಡನೆಯದು “ಎಷ್ಟು ರೂಪಾಯಿ?” ಎಂಬುದು. ಇಂಚಿಗೆ ಕಡಮೆ ಬೆಲೆ ಬೀಳುವ ಮಾನಿಟರೇ ಲಾಭದಾಯಕವೆಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಈ ಲೆಕ್ಕ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ಕನ್ನಡವನ್ನು ಓದಿ ಬರೆಯುವ ವಿದ್ಯಾರ್ಥಿಗೆ ಇದರಿಂದ ಆಗುವ ನಷ್ಟ ಹೆಚ್ಚು.

ಆಳಂದ ತಾಲ್ಲೂಕಿನ ಜಿಡಗಾದಂತಹ ಊರಿನಲ್ಲಿ, ತೊಗರಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ ಮಕ್ಕಳಿಗೆ ಕಂಪ್ಯೂಟರು ಕೊಡಿಸುವ ತಂದೆತಾಯಿಗಳಿಗೆ “ಹೆಚ್ಚು ಬೆಲೆಯದನ್ನೇ ಕೊಳ್ಳಿರಿ” ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಬೆಲೆ ಇಳಿಯಬೇಕಾದರೆ ತಯಾರಕನು ಏನನ್ನಾದರೂ ಬಿಡಲೇಬೇಕು. ಆತನು ಬಿಟ್ಟದ್ದೇನು, ಅದು ನಮಗೆ ಬೇಕಾದದ್ದೋ ಬೇಡವಾದದ್ದೋ ಎಂಬುದೇ ವಿಚಾರ ಮಾಡತಕ್ಕ ವಿಷಯ.

ಪರದೆಯ ಮೇಲಿನ ಚಿತ್ರವೆಲ್ಲ ಸಣ್ಣ ಚುಕ್ಕೆಗಳಿಂದ ಆದುದು. ಇವನ್ನು ಪಿಕ್ಸೆಲ್ ಎನ್ನುತ್ತಾರೆ. ಅಗ್ಗದ ಮಾನಿಟರುಗಳಲ್ಲಿ ಬಹುಮಟ್ಟಿಗೆ ಅಡ್ಡಸಾಲಿನಲ್ಲಿ 1920, ಉದ್ದಸಾಲಿನಲ್ಲಿ 1080 ಚುಕ್ಕೆಗಳಿರುತ್ತವೆ. ಪರದೆ 21.5 ಇಂಚಿನದಾಗಲಿ 27 ಇಂಚಿನದಾಗಲಿ, ಚುಕ್ಕೆಗಳ ಸಂಖ್ಯೆ ಅಷ್ಟೇ. ಹಾಗಾದರೆ ದೊಡ್ಡ ಪರದೆಯಲ್ಲಿ ಬೆಳೆದದ್ದು ಯಾವುದು? ಚುಕ್ಕೆಯ ಗಾತ್ರ. 21.5 ಇಂಚಿನಲ್ಲಿ ಒಂದು ಚುಕ್ಕೆಯ ಅಗಲ ಸುಮಾರು 0.25 ಮಿಲಿಮೀಟರು, 27 ಇಂಚಿನಲ್ಲಿ 0.31 ಮಿಲಿಮೀಟರು. ನಾಲ್ಕು ಮಿಲಿಮೀಟರು ಎತ್ತರದ ಅಕ್ಷರವನ್ನು ಮೂಡಿಸಲು ಮೊದಲನೆಯದರಲ್ಲಿ 16 ಚುಕ್ಕೆಗಳು ದೊರೆತರೆ ಎರಡನೆಯದರಲ್ಲಿ 13 ಮಾತ್ರ.

ಇಂಗ್ಲಿಷಿನ ಅಕ್ಷರಕ್ಕೆ 13 ಚುಕ್ಕೆಗಳು ಹೇಗೋ ಸಾಕಾದಾವು. ನಮ್ಮ ಲಿಪಿಯ ಸಂಗತಿ ಬೇರೆ. ದ, ಧ, ಥ ಈ ಮೂರನ್ನು ನೋಡಿರಿ. ದಕಾರದ ಕೆಳಗೆ ಒಂದು ಸಣ್ಣ ಸೀಳು ಬಿದ್ದರೆ ಧಕಾರ. ಅದರ ಹೊಟ್ಟೆಯಲ್ಲಿ ಒಂದು ಬಿಂದು ಕುಳಿತರೆ ಥಕಾರ. ಇನ್ನು ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳಲ್ಲಿ ಅಕ್ಷರದ ಕೆಳಗೆ ಒತ್ತು, ಆ ಒತ್ತಿನ ಪಕ್ಕದಲ್ಲಿ ಇನ್ನೊಂದು ಒತ್ತು. ಇವೆಲ್ಲ ಕೆಲವೇ ಚುಕ್ಕೆಗಳಲ್ಲಿ ಅಡಗಬೇಕು. ಚುಕ್ಕೆಗಳು ಸಾಲದಿದ್ದಲ್ಲಿ ಒತ್ತಕ್ಷರವು ಮಸಿ ಬಿದ್ದಂತೆ ಕಾಣುತ್ತದೆ. ಓದುವವನು ಅಕ್ಷರವನ್ನು ಕಾಣುವ ಬದಲು ಊಹಿಸಬೇಕಾಗುತ್ತದೆ.

“ದೊಡ್ಡ ಪರದೆಯಿಂದ ದೂರ ಕುಳಿತರಾಯಿತು” ಎಂದು ಕೆಲವರು ಹೇಳಬಹುದು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲುದು. 27 ಇಂಚಿನ ಈ ಪರದೆಯ ಚುಕ್ಕೆಗಳು ಕಣ್ಣಿಗೆ ಕಾಣದಂತಾಗಬೇಕಾದರೆ ಒಂದು ಮೀಟರಿಗಿಂತಲೂ ಹೆಚ್ಚು ದೂರ ಸರಿಯಬೇಕು. ಹಾಗೆ ಸರಿದಾಗ ಅದು 85 ಸೆಂಟಿಮೀಟರು ದೂರದಲ್ಲಿಟ್ಟ 21.5 ಇಂಚಿನ ಪರದೆಯಷ್ಟೇ ಕಾಣುತ್ತದೆ! ದೊಡ್ಡದೆಂದು ಕೊಟ್ಟ ಹಣ ದೂರದಲ್ಲಿ ಕರಗಿಹೋಯಿತು.

ಉಳಿತಾಯ ಮಾಡಬಾರದ ಇನ್ನೊಂದು ಸ್ಥಳವೆಂದರೆ ಪರದೆಯ ಜಾತಿ. ಇದರ ಹೃದಯದಲ್ಲಿರುವುದು ದ್ರವ ಸ್ಫಟಿಕ. ಟಿ.ಎನ್. ಎಂಬ ಹಳೆಯ ಜಾತಿಯಲ್ಲಿ ಅಣುಗಳ ಸಾಲು ತಿರುಚಿಕೊಂಡಿದ್ದು, ವಿದ್ಯುತ್ತು ತಗಲಿದಾಗ ನೆಟ್ಟಗಾಗಿ ಬೆಳಕನ್ನು ತಡೆಯುತ್ತದೆ. ಎದುರಿನಿಂದ ನೋಡಿದರೆ ಚಿತ್ರ ಸರಿ. ಓರೆಯಾಗಿ ನೋಡಿದರೆ ಬೆಳಕು ಅಣುಗಳನ್ನು ಬೇರೆ ಕೋನದಲ್ಲಿ ಹಾಯುವುದರಿಂದ ಬಣ್ಣ ಕೆಡುತ್ತದೆ. ಈ ಕೊರತೆಯನ್ನು ತಗ್ಗಿಸಲು ಬಿಲ್ಲೆಯಾಕಾರದ ಅಣುಗಳ ತೆಳುಪೊರೆಯನ್ನು ಪರದೆಗೆ ಅಂಟಿಸುವ ಉಪಾಯವೊಂದು ಬಂದಿತು. ಅಂತಹ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು. ಅದಕ್ಕೆ ಮೊದಲು ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಈಗ ಐ.ಪಿ.ಎಸ್. ಎಂಬ ಜಾತಿ ಕಡಮೆ ಬೆಲೆಗೂ ದೊರೆಯುತ್ತದೆ. ಇದನ್ನು ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು. ಒಂದೇ ಮಾನಿಟರಿನ ಮುಂದೆ ಅಕ್ಕ ತಮ್ಮ ಇಬ್ಬರೂ ಕುಳಿತು ಓದುವ ಮನೆಯಲ್ಲಿ ಇದು ಭೋಗವಲ್ಲ, ಅಗತ್ಯ.

ಹಾಗಾದರೆ ಎಲ್ಲಿ ಉಳಿಸಬಹುದು? ಬಾಗಿದ ಪರದೆ ಬೇಡ. ಒಳಗೇ ಅಡಗಿಸಿದ ಧ್ವನಿವರ್ಧಕ ಬೇಡ. ಸೆಕೆಂಡಿಗೆ 144 ಸಲ ಬದಲಾಗುವ ಚಿತ್ರ ಆಟಗಾರನಿಗೆ ಬೇಕಾದೀತು. ಪಾಠ ಓದುವವನಿಗೆ 60 ಸಲ ಸಾಕು.

ಬಿಸಿಲಿನ ಮಾತನ್ನೂ ಮರೆಯಬಾರದು. ಅನೇಕ ಮಾನಿಟರುಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಬರೆದಿರುತ್ತದೆ. ಕಲಬುರಗಿ ಸೀಮೆಯ ಬೇಸಗೆ ಆ ಗೆರೆಯನ್ನು ದಾಟುವುದು ಎಲ್ಲರಿಗೂ ತಿಳಿದದ್ದೇ. ತಗಡಿನ ಮಾಡಿನ ಕೆಳಗೆ ನಡುಹಗಲಿನಲ್ಲಿ ಅದನ್ನು ಆರಿಸಿಡುವುದು ಮೇಲು. ವಿದ್ಯುತ್ತು ಏರಿಳಿಯುವ ಕಡೆ ಅಡಾಪ್ಟರು ಹೊರಗಿರುವ ಮಾನಿಟರು ಅನುಕೂಲ. ಅಡಾಪ್ಟರು ಸುಟ್ಟರೆ ಅದೊಂದನ್ನೇ ಬದಲಾಯಿಸಬಹುದು.

ಅಂಗಡಿಯಲ್ಲಿಯೇ ಎರಡು ಪರೀಕ್ಷೆಗಳನ್ನು ಮಾಡಿರಿ. ಒಂದು: ಬಿಳಿಯ ಪರದೆಯ ಬೆಳಕನ್ನು ತಗ್ಗಿಸಿ, ಅದರ ಮುಂದೆ ಪೆನ್ಸಿಲನ್ನು ಬೇಗಬೇಗ ಆಡಿಸಿರಿ. ಪೆನ್ಸಿಲು ಒಂದೇ ಮಸುಕಾಗಿ ಕಂಡರೆ ಬೆಳಕು ಸ್ಥಿರವಾಗಿದೆ. ಬೀಸಣಿಗೆಯ ಕಡ್ಡಿಗಳಂತೆ ಬೇರೆಬೇರೆಯಾಗಿ ಕಂಡರೆ ದೀಪವು ಹೊತ್ತಿ ಆರುತ್ತಿದೆಯೆಂದು ಅರ್ಥ. ಇಂತಹ ಬೆಳಕಿನಿಂದ ಕೆಲವರ ಕಣ್ಣು ದಣಿಯುತ್ತದೆ. ಎರಡು: ‘ಧರ್ಮ, ರಥ, ಸ್ತ್ರೀ, ರಾಷ್ಟ್ರ’ ಎಂದು ಸಾಧಾರಣ ಗಾತ್ರದಲ್ಲಿ ಬರೆಯಿಸಿ, ಒಂದು ತೋಳಿನಷ್ಟು ದೂರದಿಂದ ಓದಿರಿ.

ಶಾಲಾ ಕಾಲೇಜುಗಳಿಗೆ ಹತ್ತಾರು ಮಾನಿಟರುಗಳನ್ನು ಒಮ್ಮೆಗೇ ಕೊಳ್ಳುವ ಅಧಿಕಾರಿಗಳೂ ಎಲ್ಲಕ್ಕಿಂತ ಕಡಮೆ ಬೆಲೆಯನ್ನು ಒಪ್ಪಿಕೊಳ್ಳುವ ಮುನ್ನ ಈ ನಾಲ್ಕು ಪದಗಳನ್ನು ಓದಿಸಿ ನೋಡಲಿ. ಅದಕ್ಕೆ ಖರ್ಚಿಲ್ಲ. ನಾಲ್ಕು ಪದಗಳೂ ನಿಚ್ಚಳವಾಗಿ ಕಂಡರೆ, ಆ ಮಾನಿಟರಿನ ಬೆಲೆ ಎಷ್ಟು ಕಡಮೆಯಾಗಿದ್ದರೂ ಅದು ಕೊಳ್ಳತಕ್ಕದ್ದೇ.