ಫ್ಯಾನಿಗಿಂತ ಫ್ಯಾನಿನ ದಾರಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನಮ್ಮ ಕಡೆ 'ಫ್ಯಾನು' ಅಂತಾರೆ. ಮುಂಡರಗಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದಾಗ ತೋಳ ಹಿಡಿದ ಕುರಿ ನೋಡಿ ಪರಿಹಾರಕ್ಕೆ ಸರ್ಟಿಫಿಕೇಟ್ ಬರೆದುಕೊಡುವುದು ನನ್ನ ಕೆಲಸವಾಗಿತ್ತು. "ಫ್ಯಾನಿನ ರೆಕ್ಕೆಗೆ ಸಿಕ್ಕು ತೋಳ ಸತ್ತದ್ದುಂಟಾ ಡಾಕ್ಟ್ರೇ?" ಎಂದು ಎಂಜಿನಿಯರೊಬ್ಬರು ಒಮ್ಮೆ ನಕ್ಕಿದ್ದರು. ಸತ್ತಿಲ್ಲ. ರೆಕ್ಕೆಯ ಭಯ ಹದ್ದಿಗೆ, ಬಾವಲಿಗೆ. ತೋಳ, ಚಿಂಕಾರ, ಕತ್ತೆಕಿರುಬಗಳಿಗೆ ಕಂಟಕವಾಗುವುದು ಫ್ಯಾನಿನ ಬುಡಕ್ಕೆ ಹೋಗುವ ದಾರಿ.

ಐವತ್ತು ಮೀಟರ್ ಉದ್ದದ ರೆಕ್ಕೆಯನ್ನು ಲಾರಿಯಲ್ಲಿ ಮಲಗಿಸಿ ಗುಡ್ಡ ಹತ್ತಿಸಬೇಕಾದರೆ ಕಿರುತಿರುವು ಇರಬಾರದು. ಗುಡ್ಡದ ಮೈ ಸೀಳುತ್ತಾರೆ. ಕಂಬಕ್ಕೊಂದು ಕವಲು. ಲಾರಿ ಇಳಿದುಹೋದರೂ ದಾರಿ ಉಳಿಯುತ್ತದೆ. ಅದರಲ್ಲಿ ಬೈಕು ಬರುತ್ತದೆ, ರಾತ್ರಿ ಟಾರ್ಚು ಬರುತ್ತದೆ, ಕಾವಲು ಶೆಡ್ಡಿನ ಅನ್ನ ತಿಂದು ಬೆಳೆದ ನಾಯಿಗಳು ಬರುತ್ತವೆ. ನಾಯಿಯ ಡಿಸ್ಟೆಂಪರ್, ರೇಬಿಸ್ ಎರಡೂ ತೋಳಕ್ಕೆ ತಗಲುತ್ತವೆ. ಇದನ್ನು ಯಾವ ಯೋಜನಾ ವರದಿಯಲ್ಲೂ ನಾನು ಓದಿಲ್ಲ.

ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸಂಶೋಧಕರು ಕರ್ನಾಟಕದಲ್ಲೇ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳು ಹೆಚ್ಚಿದ್ದಲ್ಲಿ ಕೃಷ್ಣಮೃಗ, ಚಿಂಕಾರ, ನರಿ, ಕಾಡುಬೆಕ್ಕು ಇರುವ ಸಂಭವ ಕಡಿಮೆ.

2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರ್ ವನ್ಯಧಾಮವಾಯಿತು, ಸಂತೋಷ. ಆದರೆ ತೋಳ, ಚಿಂಕಾರಗಳು ಅದರ ಹೊರಗಿನ ಹೊಲ, ಹುಲ್ಲುಬಯಲಿನಲ್ಲೂ ಬದುಕುತ್ತವೆ. ಅರಣ್ಯ ಭೂಮಿಯಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಕಂದಾಯ ದಾಖಲೆಯಲ್ಲಿ 'ಬೀಳು' ಎಂದು ಬರೆದ ಹುಲ್ಲುಗಾವಲಿಗೆ ಕೇಳುವವರಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತೇ ಇಲ್ಲ.

ಫ್ಯಾನು ಬೇಡ ಎನ್ನುವವನಲ್ಲ ನಾನು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ಕಂಡವನು. ಹೊಲ ಕೊಟ್ಟ ರೈತನಿಗೆ ಬಂದ ದುಡ್ಡು ಮಳೆ ನಂಬಿ ಕೂತಿದ್ದರೆ ಬರುತ್ತಿರಲಿಲ್ಲ ಎಂಬುದೂ ನಿಜ. ಆದರೆ ಹುಲ್ಲುಗಾವಲಿನ ಯೋಜನೆಗಳಿಗಾದರೂ ಪರಿಸರ ಪರಿಶೀಲನೆ ಕಡ್ಡಾಯವಾಗಲಿ. ರೆಕ್ಕೆ ಏರಿಸಿದ ಮೇಲೆ ಜೀಪಿಗೆ ಸಾಕಾಗುವಷ್ಟು ದಾರಿ ಉಳಿಸಿ, ಮಿಕ್ಕದ್ದಕ್ಕೆ ಊರಿನ ಹುಲ್ಲನ್ನೇ ಬಿತ್ತಲಿ. ರಾತ್ರಿ ಗೇಟು ಬೀಳಲಿ. ಚಳಿಗಾಲದಲ್ಲಿ ತೋಳ ಮರಿ ಹಾಕುವ ಹೊತ್ತಿಗೆ ಅಗೆತ ನಿಲ್ಲಲಿ. ಗವಿ ಎಲ್ಲಿದೆ ಎಂದು ಹುಡುಕಲು ಉಪಗ್ರಹವೇನೂ ಬೇಡ, ಡೋಣಿ ಗ್ರಾಮದ ಕುರಿಗಾಹಿಗಳನ್ನು ಕೇಳಿದರೆ ತೋರಿಸುತ್ತಾರೆ. ಸರ್ವೆಗೆ ಬಂದವರು ಅವರನ್ನು ಕೇಳಿದ್ದನ್ನು ನಾನಂತೂ ಕಂಡಿಲ್ಲ.