ವಿಮಾನ ನೋಡಿದ್ರೆ ಯಾರಪ್ಪನ ಗಂಟು ಹೋಗತ್ತೆ?

ರಾತ್ರಿ ಹನ್ನೊಂದಕ್ಕೆ ಆಫೀಸಿನ ಕೊನೆ ಕಾಲ್ ಮುಗಿಸಿ, ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಲೈವ್ ಹಾಕ್ಕೊಂಡು ಕೂರ್ತೀನಿ. ಅಲ್ಲಿ ಆಗ ಬೆಳಗಿನ ಬಿಸಿಲು. ಸೆಪುಲ್ವೇಡಾ ರಸ್ತೆಯ ಬರ್ಗರ್ ಅಂಗಡಿ ಪಕ್ಕದಲ್ಲೇ ವಿಮಾನಗಳು ಒಂದರ ಹಿಂದೊಂದು ಇಳೀತಿರ್ತವೆ. ರೂಮ್‌ಮೇಟ್ ನಗ್ತಾನೆ: "ಲೇ ಮಗಾ, ಬಸ್‌ಸ್ಟ್ಯಾಂಡಲ್ಲಿ ಕೂತು ಬಸ್ ಎಣಿಸಿದ ಹಾಗಾಯ್ತಲ್ಲೋ ಇದು!"

ಹೌದು ಗುರು, ಊರಲ್ಲಿ ಅದನ್ನೂ ಮಾಡ್ದೋನೇ ನಾನು. ವಿಮಾನದ ಸದ್ದು ಕೇಳಿದ್ರೆ ಮಗ್ಗಿ ಬರೆಯೋದು ಬಿಟ್ಟು ಕಣಕ್ಕೆ ಓಡ್ತಿದ್ದ ಹುಡುಗರಲ್ಲಿ ಒಬ್ಬ.

ಇದು ನನ್ನೊಬ್ಬನ ಹುಚ್ಚಲ್ಲ. 2022ರ ಫೆಬ್ರವರಿ 18ರಂದು ಯೂನಿಸ್ ಬಿರುಗಾಳಿ ಬೀಸುವಾಗ, ಲಂಡನ್ನಿನ ಹೀಥ್ರೂ ಬಳಿ ಒಬ್ಬ ಹವ್ಯಾಸಿ ಕ್ಯಾಮೆರಾ ಹಿಡಿದು ನಿಂತ. ಅಡ್ಡಗಾಳಿಗೆ ಓಲಾಡುತ್ತಾ ಇಳಿಯುವ, ಇಳಿಯಲಾಗದೆ ಮತ್ತೆ ಮೇಲೇರುವ ವಿಮಾನಗಳನ್ನು ಏಕಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಇಳಿಯದೆ ವಾಪಸ್ ಏರುವುದು ಪೈಲಟ್ಟನ ಸೋಲಲ್ಲ, ವಿವೇಕ ಅಂತ ಅವತ್ತು ಎಷ್ಟು ಜನಕ್ಕೆ ಅರ್ಥವಾಗಿರಬೇಕು!

ಸರಿ, ನಮ್ಮ ನಿಲ್ದಾಣಗಳನ್ನು ಬಿಟ್ಟು ಅಮೆರಿಕದ್ದು ಯಾಕೆ ನೋಡ್ಬೇಕು? ಊರಿಂದ ಬಂದಿದ್ದ ಅಪ್ಪನನ್ನು ಒಮ್ಮೆ ಒಂದು ನಿಲ್ದಾಣದ ಕಾಂಪೌಂಡ್ ಹೊರಗೆ, ರಸ್ತೆ ಬದಿ ನಿಲ್ಲಿಸಿ ವಿಮಾನ ತೋರಿಸ್ತಿದ್ದೆ. ಎರಡು ನಿಮಿಷದಲ್ಲಿ ಜೀಪು ಬಂತು. "ಏನ್ರೀ ಇಲ್ಲಿ? ಮೊಬೈಲ್ ಕೊಡಿ." ಫೋಟೋ ಅಳಿಸಿದೆ. ಅಪ್ಪ ಟವಲ್ ಹೆಗಲಿಂದ ಇಳಿಸಿ ಕೈ ಮುಗಿದರು. ಆ ಕೈ ಮುಗಿದದ್ದು ಇವತ್ತಿಗೂ ನನಗೆ ಚುಚ್ಚುತ್ತೆ.

ಕೇಳಿದರೆ ಒಂದೇ ಉತ್ತರ: ಭದ್ರತೆ. ಇಂಜಿನಿಯರ್ ಆಗಿ ಹೇಳ್ತೀನಿ, ಈ ವಾದ ಗಟ್ಟಿಯಿಲ್ಲ. ಇವತ್ತಿನ ಪ್ರಯಾಣಿಕ ವಿಮಾನ ತಾನೆಲ್ಲಿದ್ದೀನಿ, ಎಷ್ಟು ಎತ್ತರದಲ್ಲಿದ್ದೀನಿ ಅಂತ 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ತಾನೇ ಸಾರುತ್ತಿರುತ್ತದೆ. ಅದಕ್ಕೆ ಗೂಢಲಿಪಿ ಇಲ್ಲ. ಕೆಲವು ಸಾವಿರ ರೂಪಾಯಿಯ ಉಪಕರಣದಲ್ಲಿ ಯಾರು ಬೇಕಾದರೂ ಹಿಡಿಯಬಹುದು. ಫ್ಲೈಟ್‌ರಾಡಾರ್24 ನಡೆಯೋದೇ ಹೀಗೆ ಹಿಡಿದು ಕಳಿಸುವ ಹವ್ಯಾಸಿಗಳಿಂದ. ಕೆಡುಕು ಮಾಡುವವನಿಗೆ ನನ್ನಪ್ಪನ ಪಕ್ಕ ನಿಂತು ನೋಡುವ ಕರ್ಮವೇನೂ ಇಲ್ಲ.

ಇನ್ನೊಂದು ತಮಾಷೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತೆ. ಅಲ್ಲಿ ಟಿಕೆಟ್ ಕೊಟ್ಟು ಕರೆದು ಯುದ್ಧವಿಮಾನ ತೋರಿಸ್ತಾರೆ. ಯುದ್ಧವಿಮಾನ ನೋಡಿದರೆ ಹೆಮ್ಮೆ, ಪ್ರಯಾಣಿಕರ ವಿಮಾನ ನೋಡಿದರೆ ಅನುಮಾನ!

ಇದು ಬರೀ ಮೋಜಿನ ಪ್ರಶ್ನೆಯೂ ಅಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಎರಡು ವಿಮಾನಗಳು ಡಿಕ್ಕಿಯಾದದ್ದು ಅಲ್ಲಿನ ಲೈವ್ ಕ್ಯಾಮೆರಾದಲ್ಲಿ ಸೆರೆಯಾಗಿ ಜಗತ್ತೇ ಕಂಡಿತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ 260 ಜನ ಸತ್ತಾಗ ನಮ್ಮ ಮುಂದೆ ಬಂದದ್ದು, ಮಹಡಿ ಮೇಲೆ ನಿಂತು ವಿಮಾನದ ವಿಡಿಯೋ ಮಾಡುತ್ತಿದ್ದ ಹುಡುಗನೊಬ್ಬನ ಮೊಬೈಲ್ ದೃಶ್ಯ. ನಾವು ಪೋಲಿ ಅನ್ನುವ ಹವ್ಯಾಸವೇ ಅವತ್ತು ಸಾಕ್ಷಿಯಾಯಿತು.

ವಾಯುಪಡೆಯ ಜೊತೆ ರನ್‌ವೇ ಹಂಚಿಕೊಂಡಿರುವ ಪುಣೆಯಂಥ ಕಡೆ ಬೇಡ, ಒಪ್ಪುತ್ತೇನೆ. ಪ್ರಯಾಣಿಕರ ವಿಮಾನವಷ್ಟೇ ಇಳಿಯುವ ಕಡೆ ಏನಡ್ಡಿ? ಟರ್ಮಿನಲ್ ಮಾಡಿನ ಮೇಲೆ ಒಂದು ಕ್ಯಾಮೆರಾ, ಬೇಲಿಯಾಚೆ ನಿಂತು ನೋಡಲು ಒಂದು ದಿಬ್ಬ, ಪಕ್ಕದಲ್ಲೊಂದು ಟೀ ಅಂಗಡಿ. ಕೇಳ್ತಿರೋದು ಇಷ್ಟೇ.

ಈಗ ಊರಲ್ಲಿ ಅಪ್ಪನ ಮೊಬೈಲಿಗೂ ಆ ಲೈವ್ ಹಾಕಿಕೊಟ್ಟಿದ್ದೀನಿ. ಮೊನ್ನೆ ಫೋನಲ್ಲಿ ಕೇಳಿದರು: "ಇಲ್ಲಿ ನೋಡಿದ್ರೆ ಯಾರೂ ಬೈಯಲ್ಲ ತಾನೆ?"