‘ಗೊತ್ತಿರಲಿಲ್ಲ ಸಾರ್’ ಎಂದರೆ ಸಾಲದು

ಚಿತ್ರದುರ್ಗದಿಂದ ಹಿರಿಯೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಳಬರ ಬಾಯಲ್ಲಿ ಇಂದಿಗೂ ಅದು ಎನ್‌.ಎಚ್. 4) ಸುಮಾರು 40 ಕಿ.ಮೀ. ದೂರ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಅರ್ಧ ಗಂಟೆ, 100ರಲ್ಲಿ ಹೋದರೆ 24 ನಿಮಿಷ. ಉಳಿಯುವುದು ಆರೇ ನಿಮಿಷ, ಒಂದು ಟೀ ಕುಡಿಯುವಷ್ಟು ಹೊತ್ತು. ಇದಕ್ಕೆ ತೆರುವ ಬೆಲೆಯನ್ನು ಚಲನೆಯ ಪಾಠ ಓದಿದ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಬ್ರೇಕ್ ಒತ್ತಿದ ಮೇಲೆ ವಾಹನ ಕ್ರಮಿಸುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇರುವ ಕಾರು 80ರಲ್ಲಿದ್ದಾಗ ಸುಮಾರು 35 ಮೀಟರಿಗೆ ನಿಂತರೆ, 100ರಲ್ಲಿ 55 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗುವ ಮೊದಲ ಸೆಕೆಂಡಿನಲ್ಲಿ ಓಡಿದ 28 ಮೀಟರ್ ಬೇರೆ.

ಕಾನೂನು ಏನು ಹೇಳುತ್ತದೆ? ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ, ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿಗೆ ಗರಿಷ್ಠ ಮಿತಿ 100, ಮೋಟಾರ್ ಸೈಕಲ್ಲಿಗೆ 80. ಹೊಸದುರ್ಗ, ಹೊಳಲ್ಕೆರೆ ಕಡೆಯ ವಿಭಜಕವಿಲ್ಲದ ರಸ್ತೆಗಳಿಗೆ ಬಂದರೆ ಕಾರಿಗೆ 70, ಬೈಕಿಗೆ 60. ಸ್ಥಳೀಯವಾಗಿ ಇನ್ನೂ ಕಡಿಮೆ ಮಿತಿಯ ಫಲಕ ಹಾಕಿದ್ದರೆ ಅದೇ ಅನ್ವಯ. ಹೆದ್ದಾರಿಯಲ್ಲಿ ಪಕ್ಕದ ಕಾರಿನ ಸಮಕ್ಕೆ 95ರಲ್ಲಿ ಓಡಿಸುವ ಹುಡುಗ ತಪ್ಪಿತಸ್ಥ, ಕಾರಿನವನು ಅಲ್ಲ. ಚಾಲಕನಿಗೆ ಮಿತಿ ತಿಳಿದಿತ್ತೆಂದು ಯಾರೂ ಸಾಬೀತು ಮಾಡಬೇಕಿಲ್ಲ. ಆದರೆ ಒಬ್ಬ ಸಾಕ್ಷಿ ‘ಜೋರಾಗಿ ಬಂದ’ ಎಂದಷ್ಟಕ್ಕೇ ಶಿಕ್ಷಿಸುವಂತೆಯೂ ಇಲ್ಲ; ಆ ಅಂದಾಜಿಗೆ ಯಂತ್ರದ ಅಳತೆಯ ಆಧಾರವಿರಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 183ನೇ ಪ್ರಕರಣ ಹೇಳುತ್ತದೆ. ಇದು ನ್ಯಾಯವಾದ ಮಾತು.

ವೇಗಕ್ಕೆ ಕಣ್ಣೆದುರೇ ಮೀಟರ್ ಇದೆ. ಮದ್ಯದ ವಿಷಯ ಹಾಗಲ್ಲ. 185ನೇ ಪ್ರಕರಣದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಕುಡಿದವನಿಗೆ ಅದು 20ಕ್ಕೆ ನಿಂತಿದೆಯೋ 50 ದಾಟಿದೆಯೋ ಒಳಗಿನಿಂದ ತಿಳಿಯುವ ಉಪಾಯವಿಲ್ಲ. ದೇಹದ ತೂಕ, ಹೊಟ್ಟೆಯಲ್ಲಿರುವ ಊಟ ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಹಾಗಾಗಿ ಚಾಲಕ ಖಚಿತವಾಗಿ ತಿಳಿದಿರಬಹುದಾದ ಅಂಕಿ ಸೊನ್ನೆಯೊಂದೇ. ಯಕೃತ್ತು ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಮಾತ್ರ ಇಳಿಸುತ್ತದೆ. ನಿಂಬೆರಸ, ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರದು. ಮದುವೆ ಮನೆಯಲ್ಲಿ ರಾತ್ರಿ 11ಕ್ಕೆ 150 ಇದ್ದವನಲ್ಲಿ ಬೆಳಿಗ್ಗೆ 6ಕ್ಕೆ ಇನ್ನೂ 45 ಉಳಿದಿರುತ್ತದೆ. ನಿದ್ದೆ ಮಾಡಿ ಎದ್ದಿದ್ದಾನೆ, ಹಲ್ಲುಜ್ಜಿದ್ದಾನೆ, ಮಕ್ಕಳನ್ನು ಶಾಲೆಗೆ ಬಿಡಲು ಹೊರಟಿದ್ದಾನೆ. ಕಾನೂನಿನ ಕಣ್ಣಿಗೆ ಮಾತ್ರ ಕುಡಿದ ಚಾಲಕ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಉಸಿರು ಕೊಡಲು ನಿರಾಕರಿಸಿದರೆ ಆ ನಿರಾಕರಣೆಯೇ ಅವನ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡಬಹುದು.

ಪೋಷಕರ ಪಾಲಿನದು 199ಎ ಪ್ರಕರಣ, 2019ರ ತಿದ್ದುಪಡಿಯಲ್ಲಿ ಸೇರಿದ್ದು. ಲೈಸೆನ್ಸ್ ಇಲ್ಲದ ಅಪ್ರಾಪ್ತ ವಯಸ್ಸಿನ ಮಗ ಅಪ್ಪನ ಬೈಕಿನಲ್ಲಿ ಅಪರಾಧವೆಸಗಿದರೆ ಪೋಷಕರಿಗೂ ವಾಹನದ ಮಾಲೀಕರಿಗೂ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ಆ ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪನ ಒಪ್ಪಿಗೆ ಇತ್ತೆಂದೇ ನ್ಯಾಯಾಲಯ ಭಾವಿಸುತ್ತದೆ. ಕೀಲಿಕೈ ಗೋಡೆಯ ಮೊಳೆಗೆ ನೇತುಹಾಕಿತ್ತು, ಹುಡುಗ ಹೇಳದೆ ತೆಗೆದುಕೊಂಡು ಹೋದ ಎನ್ನುವುದಾದರೆ, ಅದನ್ನು ರುಜುವಾತು ಮಾಡುವ ಹೊಣೆ ಅಪ್ಪನದೇ.